ಅಪ್ಪನ ಆಯುಷ್ಯಕ್ಕೆ ತಂದ ಕೂಸು

ನನ್ನನ್ನು ಮುಂಡಗೋಡದ ಹತ್ತಿರದ ಇಂದೂರಿನ ಆ ಮನೆಗೆ ತಂದದ್ದು ಅಪ್ಪ ಸಾಯಬಾರದು ಎಂದು. ಇದನ್ನು ಯಾರೂ ನನ್ನಿಂದ ಮುಚ್ಚಿಡಲಿಲ್ಲ. ಮುಚ್ಚಿಡುವಷ್ಟು ನಯ ನಾಜೂಕು ನಮ್ಮ ಮನೆಯವರಿಗೆ ಇರಲೂ ಇಲ್ಲ. ಬೇರೆ ಮಕ್ಕಳಿಗೆ ನಿನ್ನನ್ನು ಬುಟ್ಟಿ ಮಾರುವವಳ ಹತ್ತಿರ ಜೋಳ ಕೊಟ್ಟು ಕೊಂಡೆವು ಎಂದು ಹೇಳಿ ಅಳಿಸಿ ನಗಿಸುವ ವಯಸ್ಸಿನಲ್ಲಿ ನನಗೆ ನಿಜವನ್ನೇ ಹೇಳಿದ್ದರು. ನೀನು ನಿಮ್ಮ ಚಿಗವ್ವನ ಹೊಟ್ಟೆಯಲ್ಲಿ ಹುಟ್ಟಿದವಳು, ಅಪ್ಪನ ಜೀವ ನಿಲ್ಲಲಿ ಎಂದು ಇಲ್ಲಿಗೆ ಬಂದವಳು. ಹೇಳಿದವಳು ಅಪ್ಪನ ಅಕ್ಕ ನೀಲವ್ವ, ನನ್ನ ಬಾಯಲ್ಲಿ ನೀಲತ್ತಿ. ಗಂಡ ಸತ್ತ ಮೇಲೆ ತವರಿಗೆ ಬಂದು ನಿಂತವಳು, ಮನೆಯ ಕೀಲಿಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಆ ಮನೆಯ ಗಂಡಸರು ತಲೆಗೂದಲು ಬೆಳ್ಳಗಾಗುವ ತನಕ ಬದುಕುತ್ತಿರಲಿಲ್ಲ. ಅಜ್ಜ ಗದ್ದೆಯ ಬದುವಿನ ಮೇಲೆ ದಣಿವಾರಿಸಿಕೊಳ್ಳಲು ಕೂತವನು ಮತ್ತೆ ಏಳಲಿಲ್ಲವಂತೆ. ಅಪ್ಪನ ಅಣ್ಣ ಸಂತೆಯಿಂದ ಬಂದು ನೀರು ಕೇಳಿ, ನೀರು ತರುವಷ್ಟರಲ್ಲಿ ಹೋಗಿದ್ದ. ನೀಲತ್ತಿಯ ಗಂಡನೂ ಬೇಗ ಸತ್ತಿದ್ದ, ಆದರೆ ಅವನು ಬೇರೆ ಮನೆತನದವನಾದ್ದರಿಂದ ಅವನನ್ನು ಈ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಳಿದ ಒಬ್ಬನೇ ಗಂಡಸೆಂದರೆ ನಮ್ಮಪ್ಪ ಬಸಪ್ಪ. ಅವನೂ ಒಂದು ಸಲ ನಾಟಿಯ ದಿನಗಳಲ್ಲಿ ಎದೆ ಹಿಡಿದುಕೊಂಡು ಕೆಸರಿನಲ್ಲೇ ಕೂತುಬಿಟ್ಟಿದ್ದ. ಮದುವೆಯಾಗಿ ಬಹಳ ವರ್ಷವಾಗಿತ್ತು, ಅವ್ವ ಬಸುರಾಗಿರಲಿಲ್ಲ. ಹೀಗೆ ಮನೆಯೆಲ್ಲ ಸಪ್ಪೆ ಮೋರೆ ಹಾಕಿಕೊಂಡಿದ್ದಾಗ ನಮ್ಮ ಮನೆತನದವರು ನಡೆದುಕೊಳ್ಳುವ ಅಯ್ಯನವರು ಬಂದರು. ಪಾದಪೂಜೆ ಮಾಡಿಸಿಕೊಂಡು, ಊಟ ಮುಗಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು.

“ಮನ್ಯಾಗ ಒಂದು ಕೂಸಿರಬೇಕ್ರವಾ. ಮುಂಜಾನೆ ಎದ್ದು ಕೂಸಿನ ಮಾರಿ ನೋಡಾಂವಗ ಸಾಯಾಕ ಮನಸ ಬರಂಗಿಲ್ಲ.”

ಆ ಮುದುಕರು ನಾಲ್ಕು ಊರು ಕಂಡವರು, ಸರಳವಾದ ಮಾತನ್ನು ಸರಳವಾಗಿಯೇ ಹೇಳಿದ್ದರು ಎಂದು ನನಗೀಗ ಅನ್ನಿಸುತ್ತದೆ. ಆದರೆ ನೀಲತ್ತಿಗೆ ಸರಳ ಮಾತು ರುಚಿಸುತ್ತಿರಲಿಲ್ಲ. ಅವಳು ಅದನ್ನು ಡಾಕ್ಟರು ಬರೆದುಕೊಟ್ಟ ಔಷಧದಂತೆ ಹಿಡಿದುಕೊಂಡಳು. ದಿನಾ, ಬರಿ ಹೊಟ್ಟೆಯಲ್ಲಿ, ತಪ್ಪದೆ.

ಅವ್ವನ ತಂಗಿ ಶಾಂತವ್ವ, ಅಂದರೆ ನನ್ನ ಚಿಗವ್ವ, ದಾಂಡೇಲಿಯ ಹತ್ತಿರ ಕೋಗಿಲಬನದಲ್ಲಿದ್ದಳು. ಅವಳ ಗಂಡ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ನಾನು ಮತ್ತೊಂದು ಹೆಣ್ಣಾಗಿ ಹುಟ್ಟಿದ್ದೆ. ಅವ್ವ, ನೀಲತ್ತಿ ಇಬ್ಬರೂ ಬಸ್ಸು ಹತ್ತಿ ಹೋದರು. ಶಾಂತವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಉಡಿಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ, ಅದರ ಮೇಲೆ ನನ್ನನ್ನು ಮಲಗಿಸಿದಳು. ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳುವ ಹಾಗಿಲ್ಲ. ಅದು ನಮ್ಮ ಕಡೆಯ ಹೆಂಗಸರ ಕಾಯದೆ, ಅದಕ್ಕೆ ಸಾಕ್ಷಿ ಸಹಿ ಬೇಕಾಗುವುದಿಲ್ಲ. ಇಂದೂರಿಗೆ ಬಂದ ಮೇಲೆ ಓಣಿಯವರು, ಗಂಡು ತರುವುದು ಬಿಟ್ಟು ಹೆಣ್ಣು ಯಾಕೆ ತಂದಿರಿ ಎಂದು ಕೇಳಿದರಂತೆ. ಅಪ್ಪ ಕೊಟ್ಟ ಉತ್ತರವನ್ನು ಊರಲ್ಲಿ ಬಹಳ ದಿನ ಆಡಿಕೊಂಡರು.

“ನನಗ ಬೇಕಾಗಿದ್ದು ಮಾರಿ ಅಲ್ಲೇನ್ರಪಾ. ಗಂಡಾದ್ರೇನು, ಹೆಣ್ಣಾದ್ರೇನು, ಮಾರಿ ಎಲ್ಲಾರಿಗೂ ಒಂದ ಇರತೈತಿ.”

ನಮ್ಮದು ಉದ್ದನೆಯ ಹೆಂಚಿನ ಮನೆ. ಮುಂದೆ ದನ ಕಟ್ಟುವ ಜಾಗ, ಅದನ್ನು ದಾಟಿ ಮೆಟ್ಟಿಲು ಹತ್ತಿದರೆ ಪಡಸಾಲೆ, ಒಳಗೆ ದೇವರ ಮನೆ, ಅಡಿಗೆ ಮನೆ, ಅದರ ಹಿಂದೆ ಬಚ್ಚಲು, ಹಿತ್ತಲು. ದನದ ಉಸಿರು, ಸಗಣಿ, ಒಲೆಯ ಹೊಗೆ, ವಿಭೂತಿ ಎಲ್ಲ ಸೇರಿ ಒಂದು ವಾಸನೆ ಆ ಮನೆಗಿತ್ತು. ಅಪ್ಪ ಮಲಗುವುದು ಪಡಸಾಲೆಯಲ್ಲಿ, ಹೆಂಚಿನ ನಡುವಿನ ಬೆಳಕಿಂಡಿಯ ಕೆಳಗೆ. ನಾನು ಒಳಗೆ, ನೀಲತ್ತಿಯ ಪಕ್ಕದಲ್ಲಿ. ನನ್ನನ್ನು ಅಪ್ಪನ ಹತ್ತಿರ ಯಾಕೆ ಮಲಗಿಸುತ್ತಿರಲಿಲ್ಲ ಎಂದರೆ, ಮುಖ ತೊಳೆಯದ ಕೂಸನ್ನು ನೋಡಿದರೆ ಔಷಧ ಹತ್ತುವುದಿಲ್ಲ. ದಿನಾ ಬೆಳಗಾಗುವಾಗ ನೀಲತ್ತಿ ನನ್ನನ್ನು ಎಬ್ಬಿಸಿ, ಬಚ್ಚಲಿಗೆ ಎಳೆದುಕೊಂಡು ಹೋಗಿ, ಕಣ್ಣಿನ ಪಿಸುರು ಹೋಗುವಂತೆ ಉಜ್ಜಿ, ಹಣೆಗೆ ವಿಭೂತಿ ಹಚ್ಚಿ, ಅಪ್ಪನ ತಲೆದಿಂಬಿನ ಹತ್ತಿರ ತಂದು ಕೂರಿಸುತ್ತಿದ್ದಳು. ನಾನು ಅರೆನಿದ್ದೆಯಲ್ಲಿ ತೂಗುತ್ತ ಕೂತಿರುತ್ತಿದ್ದೆ.

“ಬಸಪ್ಪಾ, ಕಣ್ಣ ತಗಿ. ಕೂಸು ಬಂದೈತಿ.”

ಅಪ್ಪ ಮೊದಲು ಒಂದೇ ಕಣ್ಣು ತೆರೆಯುತ್ತಿದ್ದ.

“ಯಾರವಾ ನೀ? ಯಾರ ಮನಿಯಾಕಿ?”

“ನಿಮ್ಮನಿಯಾಕಿನ.”

“ಹಂಗಾರ ಏಳ್ತೇನಿ ತಗೋ.”

ಇನ್ನು ಈ ವಿಷಯದಲ್ಲಿ ಒಂದು ತಮಾಷೆ ಇತ್ತು. ಎತ್ತು ಕಟ್ಟಿದ ರೈತ ಕೂಸು ಏಳುವ ತನಕ ಮಲಗಿರಲು ಆಗುತ್ತದೆಯೇ? ಅಪ್ಪ ನಮಗಿಂತ ಎಷ್ಟೋ ಮೊದಲೇ ಎದ್ದು, ದನಕ್ಕೆ ಮೇವು ಹಾಕಿ, ಗದ್ದೆಗೆ ಹೋಗಿ ನೀರು ತಿರುವಿ ಬಂದು, ಕಾಲು ತೊಳೆದುಕೊಂಡು, ಮತ್ತೆ ಕಂಬಳಿ ಹೊದ್ದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ಕಂಬಳಿಯಿಂದ ಹೊರಗೆ ಚಾಚಿದ ಅವನ ಕಾಲು ಹಸಿಯಾಗಿದ್ದುದನ್ನು ನೋಡಿ ನಾನು ಕೇಳಿಯೇಬಿಟ್ಟೆ. ಅಪ್ಪ ಕಂಬಳಿಯೊಳಗೇ ನಕ್ಕ. ನೀಲತ್ತಿಗೂ ಇದು ಗೊತ್ತಿತ್ತು. ಮೊದಲು ಎದ್ದದ್ದು ದನಕ್ಕಾಗಿ, ಅದು ಎದ್ದ ಹಾಗಲ್ಲ, ಎರಡನೆಯ ಸಲ ಏಳುವುದೇ ಖರೆ ಏಳುವುದು ಎಂದು ಅವಳು ತೀರ್ಪು ಕೊಟ್ಟಿದ್ದಳು. ಕಾಯದೆ ಮಾಡಿದವರೇ ಅದರಲ್ಲಿ ತಮಗೆ ಬೇಕಾದ ಕಿಂಡಿ ಬಿಟ್ಟುಕೊಳ್ಳುವುದು ಹೊಸದೇನಲ್ಲ.

ಅವ್ವ ಈ ಬೆಳಗಿನ ಆಟಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವಳ ಹೆಸರು ಗಂಗವ್ವ, ಮಾತು ಕಡಿಮೆ. ಆಕೆ ನನ್ನನ್ನು ಬೇರೆ ಥರ ದುಡಿಸಿಕೊಂಡಳು. ಅಪ್ಪ ಪಡಸಾಲೆಯಲ್ಲಿ ಬೀಡಿ ಹಚ್ಚಿದರೆ ಸಾಕು, ಒಳಗಿನಿಂದಲೇ, “ಕೂಸಿಗೆ ಕೆಮ್ಮು ಬರತೈತ್ರಿ” ಎನ್ನುತ್ತಿದ್ದಳು. ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಅಂಗಳದಲ್ಲಿ ಮಳೆ, ಇಲ್ಲವೇ ಬಿಸಿಲು, ಇಲ್ಲವೇ ಮಾತಿಗೆಳೆಯುವ ನೆರೆಯವರು. ಕ್ರಮೇಣ ಬೀಡಿಯೇ ಬೇಜಾರಾಯಿತು ಅವನಿಗೆ. ಕೂಸು ಕಾಯುತ್ತದೆ ಎಂದು ಕತ್ತಲಾಗುವ ಮೊದಲೇ ಗದ್ದೆಯಿಂದ ಕರೆಸುತ್ತಿದ್ದಳು. ಕೂಸಿಗೆ ಖಾರ ಆಗುವುದಿಲ್ಲವೆಂದು ಸಾರಿಗೆ ಉಪ್ಪು ಖಾರ ತಗ್ಗಿಸಿದಳು. ಇನ್ನು ನನ್ನ ಕಾಯಿಲೆಗಳೋ, ಅವಕ್ಕೆ ಕೊನೆಯೇ ಇರಲಿಲ್ಲ. “ಕೂಸಿಗೆ ತೋರಿಸ್ಕೊಂಡು ಬರೂಣು ಬರ್ರಿ” ಎಂದು ಅಪ್ಪನನ್ನು ಹೊರಡಿಸಿ ಮುಂಡಗೋಡಕ್ಕೆ ಹೋಗುವುದು, ಅಲ್ಲಿ ಡಾಕ್ಟರ ಮುಂದೆ ಕೂತ ಮೇಲೆ, “ಹೆಂಗೂ ಬಂದೇವಿ, ಇವರ ಎದೀನೂ ಒಂಚೂರು ನೋಡ್ರಿ” ಎನ್ನುವುದು. ಅಪ್ಪನ ಎದೆಗೆ ಗುಳಿಗೆ ಶುರುವಾದದ್ದು ಹಾಗೆ. ಈ ಹುಡುಗಿಗೆ ಎಷ್ಟು ಬೇನೆ ಎಂದು ಓಣಿಯವರು ಮರುಗುತ್ತಿದ್ದರು. ನಾನು ಗುಂಡುಕಲ್ಲಿನಂತೆ ಇದ್ದೆ.

ಮುಂದೆ ನಾನು ನರ್ಸ್ ಆಗಿ ಜೋಯಿಡಾದ ಹಳ್ಳಿ ಹಳ್ಳಿ ತಿರುಗಿದೆ. ಮನೆ ತುಂಬ ಮಕ್ಕಳಿದ್ದವರು ಬೇಗ ಹೋದದ್ದನ್ನು ಕಂಡಿದ್ದೇನೆ, ಮಕ್ಕಳಿಲ್ಲದ ಮುದುಕಿ ಹಲ್ಲೆಲ್ಲ ಉದುರಿದ ಮೇಲೂ ಆಡು ಹೊಡೆದುಕೊಂಡು ಗುಡ್ಡ ಹತ್ತುವುದನ್ನೂ ಕಂಡಿದ್ದೇನೆ. ಮಕ್ಕಳನ್ನು ಹೆತ್ತರೆ, ಇಲ್ಲವೇ ತಂದು ಸಾಕಿದರೆ ಆಯುಷ್ಯ ಹೆಚ್ಚುತ್ತದೆಯೇ ಸಿಸ್ಟರ್ ಎಂದು ಯಾರಾದರೂ ಕೇಳಿದರೆ, ಮಕ್ಕಳು ಇದ್ದರೆ ಸಾಲದು, ಮಕ್ಕಳ ನೆಪ ಮಾಡಿ ಬೀಡಿ ಬಿಡಿಸುವ ಹೆಂಡತಿಯೂ ಇರಬೇಕು ಎನ್ನುತ್ತೇನೆ. ಆದರೆ ಈ ಬುದ್ಧಿ ಬಂದದ್ದು ಕೂದಲು ನೆರೆತ ಮೇಲೆ. ಚಿಕ್ಕಂದಿನಲ್ಲಿ ನಾನು ನೀಲತ್ತಿಯ ಪಂಗಡದವಳು.

ಮೊದಮೊದಲು ನನಗೆ ಇದರ ಬಗ್ಗೆ ಹೆಮ್ಮೆಯಿತ್ತು. ನಮ್ಮಪ್ಪ ಬದುಕಿರುವುದು ನನ್ನಿಂದ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಗೆಳತಿಯೊಬ್ಬಳು ಪೇರಲ ಹಣ್ಣು ಕಚ್ಚುತ್ತ, ಜಗಳಕ್ಕೇನೂ ಅಲ್ಲ, ಸುಮ್ಮನೆ ಕೇಳಿದಳು.

“ಮತ್ತ ನೀನ ಸತ್ರ?”

ಅಂದಿನಿಂದ ಹೆಮ್ಮೆ ಇಳಿದು ಹೆದರಿಕೆ ಹತ್ತಿತು. ಮರ ಹತ್ತುವುದು ಬಿಟ್ಟೆ. ಬಾವಿಯ ಕಟ್ಟೆಯ ಹತ್ತಿರ ಹೋಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಗೆಳತಿಯರೆಲ್ಲ ಸೇರಿ ಮಲಗಿದರೂ ನಾನು ಮಾತ್ರ ಊಟ ಮುಗಿಸಿ ಮನೆಗೆ ಬರುತ್ತಿದ್ದೆ. ಬೆಳಗಾಗುವಾಗ ಕೂಸು ಮನೆಯಲ್ಲಿರಬೇಕಲ್ಲ. ಹೀಗಾಗಿ ನಾನು ಒಂದು ದಿನವೂ ಬೇರೆ ಊರಿನಲ್ಲಿ ಉಳಿದವಳಲ್ಲ. ಕೋಗಿಲಬನವಂತೂ ಕಂಡೇ ಇರಲಿಲ್ಲ. ಚಿಗವ್ವನೇ ಸುಗ್ಗಿ ಮುಗಿದ ಮೇಲೆ, ಕೊನೆಯ ಕೂಸನ್ನು ಸೊಂಟಕ್ಕೇರಿಸಿಕೊಂಡು, ಸಾರಿನ ಹುಳಿಗೆ ಒಣಗಿಸಿದ ಮುರುಗಲ ಸಿಪ್ಪೆಯ ಗಂಟು ಹಿಡಿದು ಬರುತ್ತಿದ್ದಳು. ಬಂದವಳು ನನ್ನನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಹಳ ಹೊತ್ತು ತಲೆ ಬಾಚುತ್ತಿದ್ದಳು. ಬಿಗಿಯಾಗಿ ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದಳು. ನಮ್ಮೂರಿಗೆ ಬಾ ಎಂದು ಒಮ್ಮೆಯೂ ಕರೆದವಳಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಅವನ ಅಣ್ಣ ಸತ್ತ ವಯಸ್ಸು ಬಂತು. ನೀಲತ್ತಿ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅಪ್ಪ ಸಂತೆಗೆ ಹೋಗುವುದು ನಿಂತಿತು. ಸತ್ತ ಮನೆಗೆ ಹೋಗುವುದು ನಿಂತಿತು. ನನ್ನ ಮುಖ ತೊಳೆಯುವ ಉಜ್ಜಾಟ ಇನ್ನಷ್ಟು ಜೋರಾಯಿತು. ಅಂಥ ವರ್ಷದಲ್ಲೇ ದಾಂಡೇಲಿ ಕಡೆಯಿಂದ ಬಂದ ಪರಿಚಯದವರೊಬ್ಬರು ಪಡಸಾಲೆಯಲ್ಲಿ ನಿಂತು, ಶಾಂತವ್ವನಿಗೆ ಬಹಳ ಜಡ್ಡಾಗಿದೆ, ಏಳುವ ಲಕ್ಷಣವಿಲ್ಲ, ಕಾಶವ್ವನನ್ನು ಒಮ್ಮೆ ನೋಡಬೇಕು ಅನ್ನುತ್ತಾಳೆ ಎಂದು ಹೇಳಿದರು. ಕಾಶವ್ವ ಎಂದರೆ ನಾನು. ಅವರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಅಡಿಗೆ ಮನೆಯಲ್ಲಿ ಜಗಳವಾಯಿತು. ಅವ್ವ ನೀಲತ್ತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಈ ವರ್ಷ ಒಂದು ಬ್ಯಾಡ ಗಂಗವ್ವ. ಮುಂದಿನ ವರ್ಷ ಎಷ್ಟ ದಿನ ಬೇಕಾದ್ರೂ ಕಳಸೂಣು.”

“ನನ್ನ ತಂಗಿಗೆ ಮುಂದಿನ ವರ್ಷ ಐತೇನ್ರಿ ಅಕ್ಕಾರ?”

ಹೋಗುವುದಿಲ್ಲ ಎಂದು ನಾನೂ ಅತ್ತೆ. ನಾನಿಲ್ಲದ ಬೆಳಗು ಅಪ್ಪ ಏಳುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕೊನೆಗೆ ಅಪ್ಪನೇ ದನದ ಹತ್ತಿರದಿಂದ ಎದ್ದು ಬಂದ.

“ನಾನೂ ಬರ್ತೇನಿ. ಅಲ್ಲೇ ಮಲಗಿ ಅಲ್ಲೇ ಏಳ್ತೇನಿ, ಇಕಿ ಮಾರಿ ಅಲ್ಲೇ ನೋಡ್ತೇನಿ. ಇಂದೂರಾಗ ಎದ್ದು ನೋಡು ಅಂತ ಅಯ್ಯಾರು ಹೇಳಿಲ್ಲಲಾ ಅಕ್ಕಾ.”

ನೀಲತ್ತಿ ಯೋಚಿಸಿ ಒಪ್ಪಿದಳು. ಮನೆ, ದನ ನೋಡಿಕೊಳ್ಳಲು ಅವಳು ಉಳಿದಳು, ನಾವು ಮೂವರು ಹೊರಟೆವು. ಕಲಘಟಗಿಯಲ್ಲಿ ಒಂದು ಬಸ್ಸು, ಹಳಿಯಾಳದಲ್ಲಿ ಇನ್ನೊಂದು. ಕೋಗಿಲಬನದ ಮನೆ ನಮ್ಮ ಪಡಸಾಲೆಯಷ್ಟೂ ಇರಲಿಲ್ಲ. ಬಾಗಿಲಲ್ಲಿ ನನ್ನದೇ ಮೂಗು, ನನ್ನದೇ ಹುಬ್ಬು ಇದ್ದ ಹುಡುಗಿಯರು ಸಾಲಾಗಿ ನಿಂತು ನನ್ನ ಫ್ರಾಕನ್ನು ನೋಡುತ್ತಿದ್ದರು. ದೊಡ್ಡವಳು ನನ್ನ ಕೈ ಹಿಡಿದು ಹೊಳೆ ತೋರಿಸಿ, “ದಂಡೀಗೆ ಹೋಗಬ್ಯಾಡ, ಮಸಳಿ ಬಿಸಲ ಕಾಸ್ಕೋತ ಬಿದ್ದಿರತಾವ” ಎಂದಳು. ಅಕ್ಕ ನನಗೆ ಹೇಳಿದ ಮೊದಲ ಮಾತು ಅದು. ಒಳಗೆ ಚಿಗವ್ವ ಗೋಡೆಯ ಬದಿ ಮಲಗಿದ್ದಳು. ಹೊಟ್ಟೆ ಊದಿತ್ತು, ಕೈಕಾಲು ಕಡ್ಡಿಯಾಗಿದ್ದವು. ನಾನು ಹತ್ತಿರ ಹೋದಾಗ ತಲೆ ಮುಟ್ಟಿ ನೋಡಿದಳು.

“ಎಣ್ಣಿ ಹಚ್ಚಿಲ್ಲೇನ ಇವತ್ತ?”

ಬಸ್ಸಿನ ಗಡಿಬಿಡಿಯಲ್ಲಿ ಮರೆತಿದ್ದೇವೆ ಎಂದು ಅವ್ವ ಹೇಳಿದಳು. ಚಿಗವ್ವ ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ನಾವು ಅಲ್ಲಿರುವಾಗಲೇ ಒಂದು ಮಧ್ಯಾಹ್ನ ತೀರಿಕೊಂಡಳು. ಅವಳ ಸುತ್ತ ಮಕ್ಕಳೆಲ್ಲ ಇದ್ದರು, ನಾನೂ ಸೇರಿ. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಅದರಲ್ಲೊಬ್ಬಳು, ಕೆಟ್ಟವಳೇನಲ್ಲ, ನಮಗೆಲ್ಲ ಅಡಿಗೆ ಮಾಡಿ ತಂದವಳು, ಮೂಗು ಒರೆಸಿಕೊಳ್ಳುತ್ತ ಹೇಳಿದಳು.

“ತನ್ನ ಆಯುಷ್ಯ ಆ ಹುಡುಗಿ ಸಂಗಾಟ ಅಕ್ಕನ ಉಡ್ಯಾಗ ಹಾಕಿಬಿಟ್ಲು ನಮ್ಮ ಶಾಂತಿ. ಹೋದ ಮನ್ಯಾಗ ದೀಪ ಹತ್ತೇತಿ, ಹುಟ್ಟಿದ ಮನಿ ಕತ್ತಲಾತು.”

ನಾನು ಅಲ್ಲಿಂದ ಸೀದಾ ಹೋಗಿ ಅಪ್ಪನ ಧೋತರದ ಚುಂಗು ಹಿಡಿದವಳು ಮತ್ತೆ ಬಿಡಲಿಲ್ಲ. ನನ್ನ ತಲೆಯಲ್ಲಿ ವಿಷಯ ಸ್ಪಷ್ಟವಾಗಿತ್ತು. ನಾನು ಇದ್ದ ಕಡೆ ಜೀವ ಇರುತ್ತದೆ, ಬಿಟ್ಟ ಕಡೆ ಹೋಗುತ್ತದೆ. ಚಿಗವ್ವನನ್ನು ಬಿಟ್ಟಾಗ ನಾನು ಕೂಸು, ಗೊತ್ತಿರಲಿಲ್ಲ. ಈಗ ಗೊತ್ತಿದೆ. ಇಂದೂರಿಗೆ ಬಂದ ಮೇಲೆ ಅಪ್ಪ ಗದ್ದೆಗೆ ಹೋದರೆ ನಾನೂ ಗದ್ದೆಗೆ. ಅವನು ಬಚ್ಚಲಿಗೆ ಹೋದರೆ ನಾನು ಬಾಗಿಲ ಹೊರಗೆ. ಅವನು ಉಣ್ಣುವಾಗ ಎದುರಿಗೆ ಕೂತು ಬಾಯಿಗೆ ಹೋಗುವ ತುತ್ತನ್ನು ನೋಡುತ್ತಿದ್ದೆ, ನನ್ನ ತಾಟು ಹಾಗೇ ಇರುತ್ತಿತ್ತು. ಶಾಲೆಗೆ ಹೋಗಲಿಲ್ಲ. ಮಾಸ್ತರರು ಮನೆಗೇ ಬಂದು ಬುದ್ಧಿ ಹೇಳಿದರು, ನಾನು ಕಂಬ ಹಿಡಿದು ನಿಂತೆ. ಅಪ್ಪ ಹೊಡೆಯುತ್ತೇನೆ ಎಂದು ಕೈ ಎತ್ತಿದ, ಆ ಕೈ ಇಳಿಸಿ ಕಣ್ಣು ಒರೆಸಿಕೊಂಡ. ನೀಲತ್ತಿ ಮಾತ್ರ ಮೊದಲ ಕೆಲವು ದಿನ, ಹುಡುಗಿಗೆ ಈಗ ತಿಳಿವಳಿಕೆ ಬಂತು ಎಂದು ಸಮಾಧಾನಪಟ್ಟಳು. ಆಮೇಲೆ ಅವಳಿಗೂ ಗಾಬರಿಯಾಯಿತು. ನನ್ನ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಮುಂಡಗೋಡದ ಡಾಕ್ಟರು ಈ ಸಲ ಅಪ್ಪನ ಎದೆ ನೋಡಲಿಲ್ಲ, ನನ್ನನ್ನೇ ಬಹಳ ಹೊತ್ತು ನೋಡಿದರು. ಬೇನೆಯೇನೂ ಕಾಣಲಿಲ್ಲ, ಹುಡುಗಿ ಹೀಗೆಯೇ ಒಣಗಿದರೆ ಕಷ್ಟ ಎಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಅಪ್ಪನ ತಾಟಿಗೆ ರೊಟ್ಟಿ ಹಾಕಿ, ಪಲ್ಯ ಬಡಿಸಿ, ಸೌಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು.

“ಎಲ್ಲ್ಯರ ನಾಕು ದಿನ ಹೋಗಿ ಬರ್ರಿ. ಇಕಿನ್ನ ಇಲ್ಲೇ ಬಿಟ್ಟು.”

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ.

“ಎಲ್ಲಿಗೆ?”

“ಎಲ್ಲಿಗರ. ಹಳ್ಯಾಳ ಕಡೆ ಎತ್ತು ನೋಡಾಕ ಹೋಗ್ರಿ.”

ನೀಲತ್ತಿ ಊಟ ಅರ್ಧಕ್ಕೇ ಬಿಟ್ಟು ತಾಟಿನಲ್ಲೇ ಕೈ ತೊಳೆದಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಸಿಟ್ಟು ಇಲ್ಲ.

“ಕುಂಕುಮ ಭಾರ ಆಗೈತೇನ ನಿನಗ? ಅಣ್ಣ ಹೋದ ವಯಸ್ಸಿನ ವರ್ಷ ಇದು, ಅದೂ ಗೊ‌ತ್ತಿಲ್ಲೇನ?”

ಅವ್ವ ಅಪ್ಪನ ತಾಟಿಗೆ ಮತ್ತೊಂದು ಸೌಟು ಪಲ್ಯ ಹಾಕಿದಳು, ಅದು ಅವನಿಗೆ ಬೇಕಾಗಿರಲಿಲ್ಲ. ಅಪ್ಪ ಉಂಡು ಎದ್ದು, ಕೈ ತೊಳೆದು, “ನಾಳೆ ಹೋಗ್ತೇನಿ” ಎಂದ. ಮರುದಿನ ಹೊರಡುವಾಗ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದ.

“ಯವ್ವಾ ಕಾಶವ್ವ, ನಾಳೆ ನಿನ್ನ ಮಾರಿ ನೋಡಂಗಿಲ್ಲ. ನಾಡದ ನೋಡಂಗಿಲ್ಲ. ಅದರ ಮರುದಿನಾನೂ ನೋಡಂಗಿಲ್ಲ. ಆದ್ರೂ ತಿರುಗಿ ಬರ್ತೇನಿ. ಜೀವಂತ ಬರ್ತೇನಿ, ನಡಕೋತ ಬರ್ತೇನಿ. ನೀ ಇಲ್ಲೇ ಕುಂತು ನೋಡು.”

ನಾನು ಅವನ ಕಾಲು ಅಪ್ಪಿಕೊಂಡು ಚೀರಿದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಅವ್ವ. ಅವಳ ಕೈ ಅಷ್ಟು ಗಟ್ಟಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸು ಹೋದ ಮೇಲೂ ಬಿಡದೆ, ನನ್ನನ್ನು ಹಾಗೆಯೇ ಎಳೆದುಕೊಂಡು ಹೋಗಿ ಶಾಲೆಯ ಒಳಗೆ ದಬ್ಬಿ ಬಂದಳು.

ಆ ದಿನಗಳಲ್ಲಿ ನಾನು ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದು, ಮುಖ ತೊಳೆದುಕೊಂಡು, ಸುತ್ತಿಟ್ಟ ಹಾಸಿಗೆಯ ಮುಂದೆ ಹೋಗಿ ಕೂರುತ್ತಿದ್ದೆ. ನೀಲತ್ತಿ ದೇವರ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಅವ್ವ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುವಂತಿತ್ತು. ಬಡಿದ ರೊಟ್ಟಿ ಹರಿಯುತ್ತಿತ್ತು, ಹಾಲು ಉಕ್ಕಿ ಒಲೆಗೆ ಬೀಳುತ್ತಿತ್ತು, ಸಾರಿಗೆ ಉಪ್ಪು ಒಂದು ದಿನ ಎರಡು ಸಲ, ಒಂದು ದಿನ ಇಲ್ಲವೇ ಇಲ್ಲ. ಓಣಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ಅವಳ ಕೈ ನಿಲ್ಲುತ್ತಿತ್ತು. ಅವಳಿಗೆ ನನ್ನ ಮೇಲೆ ಸಿಟ್ಟು ಎಂದು ನಾನು ತಿಳಿದೆ. ಈ ಅಯ್ಯನವರ ಮಾತು, ಆಯುಷ್ಯ ಎಲ್ಲ ಅವಳು ನಂಬುವುದೇ ಇಲ್ಲ, ಅದಕ್ಕೇ ಇಷ್ಟು ಧೈರ್ಯ, ನಂಬುವ ನಾನು ಅವಳಿಗೆ ಬೇಡವಾಗಿದ್ದೇನೆ ಎಂದುಕೊಂಡೆ. ಆದರೂ ದಿನಾ ನನ್ನ ಕೈ ಹಿಡಿದು ಶಾಲೆಗೆ ಬಿಟ್ಟು, ಸಂಜೆ ಅದೇ ಬಾಗಿಲಲ್ಲಿ ಬಂದು ನಿಂತಿರುತ್ತಿದ್ದಳು.

ಒಂದು ಸಂಜೆ ಅವಳು ಬಂದಿರಲಿಲ್ಲ. ಮನೆಗೆ ಓಡಿ ಬಂದರೆ ಅಪ್ಪ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ನೀರು ಕುಡಿಯುತ್ತಿದ್ದ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಗಡ್ಡ ಬೆಳೆದಿತ್ತು. ಎತ್ತುಗಳು ಬಂದಿರಲಿಲ್ಲ. ಅಪ್ಪ ಒಂದೇ ಕಣ್ಣು ಮುಚ್ಚಿ ಕೇಳಿದ.

“ಯಾರವಾ ನೀ? ಯಾರ ಮನಿಯಾಕಿ?”

ನಾನು ಅವನನ್ನು ದಾಟಿ ಮೆಟ್ಟಿಲು ಹತ್ತಿದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ನಾನಿಲ್ಲದೆ ಇಷ್ಟು ದಿನ ಬದುಕಿದ್ದಾನಲ್ಲ, ಅದೂ ಇಷ್ಟು ಚೆನ್ನಾಗಿ! ಸೀದಾ ಒಳಗೆ ಹೋಗಿ ಅವ್ವನಿಗೆ ರೊಟ್ಟಿ ಹಾಕು ಎಂದೆ. ತಿಂದು, ಮತ್ತೊಂದು ಕೇಳಿದೆ, ಅದನ್ನೂ ತಿಂದು ಮತ್ತೆ ಕೇಳಿದೆ. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡು ಬಡಿದು ಬಡಿದು ಹಾಕುತ್ತಲೇ ಇದ್ದಳು. ನೀಲತ್ತಿ ತಮ್ಮನ ತಲೆ, ಭುಜ, ಬೆನ್ನು ಎಲ್ಲ ತಡವಿ ನೋಡಿ, ಕೂಸು ದೊಡ್ಡದಾಯಿತು, ಇನ್ನು ಆ ಕಟ್ಟು ನಡೆಯುವುದಿಲ್ಲ ಎಂದು ಹೊಸ ತೀರ್ಪು ಕೊಟ್ಟಳು. ಸೋತೆ ಎಂದು ಹೇಳುವವಳಲ್ಲ ಅವಳು.

ಆ ವರ್ಷ ದಾಟಿತು. ಮುಂದೆ ನಾನು ಮುಂಡಗೋಡದ ಹೈಸ್ಕೂಲಿಗೆ ಹೋದೆ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತೆ, ಎಲ್ಲೆಲ್ಲೋ ಎಷ್ಟೋ ಬೆಳಗು ಎದ್ದೆ. ಅಪ್ಪ ತಲೆಯೆಲ್ಲ ಬೆಳ್ಳಗಾಗುವ ತನಕ ಬದುಕಿದ. ಆ ಬಿಳಿ ಕೂದಲಿನ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ, ಕನ್ನಡಿ ಮುಂದೆ ನಿಂತು ಎಣ್ಣೆ ಹಚ್ಚಿ ಬಾಚಿ, ನೋಡಲು ಬಂದವರಿಗೆಲ್ಲ ಟೊಪ್ಪಿಗೆ ತೆಗೆದು ತೋರಿಸುತ್ತಿದ್ದ. ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಲ್ಲಿ ಹೋದ. ನೀಲತ್ತಿ ಅವನಿಗಿಂತ ಮೊದಲೇ ಹೋಗಿದ್ದಳು. ಅವ್ವ ಈಗ ಹಳಿಯಾಳದಲ್ಲಿ ನನ್ನ ಜೊತೆ ಇದ್ದಾಳೆ. ಬೆನ್ನು ಬಾಗಿದೆ, ಕಿವಿ ಮಂದ, ಬಾಯಿ ಮಾತ್ರ ಈಗ ಚುರುಕಾಗಿದೆ. ಪ್ರಾಯದಲ್ಲಿ ಉಳಿಸಿದ ಮಾತನ್ನೆಲ್ಲ ಈಗ ಖರ್ಚು ಮಾಡುತ್ತಿದ್ದಾಳೆ. ಮೊನ್ನೆ ಅಂಗಳದ ಬಿಸಿಲಲ್ಲಿ ಇಬ್ಬರೂ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಯಾಕೋ ಆ ದಿನಗಳ ನೆನಪಾಗಿ ಕೇಳಿದೆ.

“ಅವ್ವಾ, ಆ ವರ್ಷ ಅಪ್ಪನ್ನ ಒಬ್ಬಾಂವನ್ನ ಕಳಿಸಿದ್ಯಲಾ, ಅಯ್ಯಾರ ಮಾತಿನ ಮ್ಯಾಲೆ ನಿನಗ ನಂಬಿಗಿ ಇರಲಿಲ್ಲೇನ?”

“ಇರಲಿಲ್ಲಂತ ಯಾರ ಅಂದ್ರು? ನೀಲಕ್ಕಾರಕಿಂತ ಜಾಸ್ತಿ ಇತ್ತು. ನಿಮ್ಮಪ್ಪ ತಿರುಗಿ ಬರಂಗಿಲ್ಲಂತನ ತಿಳಕೊಂಡಿದ್ನಿ.”

ಇಷ್ಟು ವರ್ಷ ನಾನು ಅವಳನ್ನು ಏನೂ ನಂಬದ ಗಟ್ಟಿಗಿತ್ತಿ ಎಂದೇ ತಿಳಿದಿದ್ದೆ.

“ಮತ್ತ ಹೆಂಗ ಕಳಿಸಿದಿ?”

ಅವ್ವ ಬೇರು ಚಿವುಟಿ, ಎಲೆ ಬಿಡಿಸಿ, ಬುಟ್ಟಿಗೆ ಹಾಕಿದಳು.

“ನೀ ಅವ್ರನ್ನ ಕಾಯ್ಕೋತ ಕಣ್ಣ ಮುಂದನ ಒಣಗಾಕ ಹತ್ತಿದ್ದಿ. ಅವ್ರು ಹೋಗಿದ್ರ ಅಳತಿದ್ನಿ. ತಾಳಿ ತಗದು ನೀಲಕ್ಕಾರ ಬಾಜೂಕ ಕುಂದರತಿದ್ನಿ. ನಿನ್ನ ನೋಡ್ಕೋತ ಹೆಂಗರ ದಿನಾ ದೂಡತಿದ್ನಿ. ನೀ ಹೋಗಿದ್ರ ನಾ ಆ ವರ್ಷನ ಹೋಗತಿದ್ನಿ. ನನ್ನ ಆಯುಷ್ಯದ ಬಗ್ಗೆ ಯಾರೂ ಅಯ್ಯಾರ್ನ ಕೇಳಲಿಲ್ಲ, ಅದಕ್ಕ ಆ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲ.”